ಹೊನ್ನಪ್ಪ ನನಗೆ ಹೇಳಿದ್ದ

ಅಕ್ಕ, ನಿಮ್ಮ ಗಂಡ ಹೊನ್ನಪ್ಪ ತನ್ನ ಸಂಕಟವನ್ನು ಯಾರಿಗೂ ಹೇಳಿರಲಿಲ್ಲ ಎಂದು ಆರು ವರ್ಷದಿಂದ ನಂಬಿದ್ದೀರಿ. ಹೇಳಿದ್ದ. ನನಗೆ ಹೇಳಿದ್ದ — ನಾನು ಮುಚ್ಚಿಟ್ಟೆ.

ಎಪ್ಪತ್ತೆಂಟರಲ್ಲಿ ಪೀಣ್ಯದ ಆ ಕಾರ್ಖಾನೆಗೆ, ತಗಡು ಒತ್ತುವ ಪ್ರೆಸ್ಸುಗಳ ನಡುವೆ, ನಾನು ಹೊಸಬ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಅಮಲು ಇನ್ನೂ ಇಳಿದಿರಲಿಲ್ಲ. ದೇವರು, ದೆವ್ವ, ಜಾತಕ — ಟೀ ಬಿಡುವಿನ ಹತ್ತು ನಿಮಿಷದಲ್ಲಿ ಯಾವುದನ್ನಾದರೂ ಕೆಡವುತ್ತಿದ್ದೆ. ಸುತ್ತ ನಿಂತವರು ಲೋಟ ಬಡಿದು ತೀರ್ಪು ಕೊಡುತ್ತಿದ್ದರು.

ಅಂಥದೊಂದು ಬಿಡುವಿನಲ್ಲಿ ಹೊನ್ನಪ್ಪ ಪಕ್ಕದಲ್ಲಿ ಬಂದು ಕೂತ. "ನಿದ್ದೆ ಬಂದು ತಿಂಗಳಾಯ್ತು ಕಣೋ. ಪ್ರೆಸ್ ನಿಂತ್ರೂ ತಲೆ ಒಳಗೆ ಬಡೀತಾನೇ ಇರ್ತದೆ. ಮಗೀನ ಎತ್ಕೊಳ್ಳಕ್ಕೂ ಭಯ ಆಯ್ತದೆ." ಮನಸ್ಸಿನ ಕಾಯಿಲೆಯ ಆಸ್ಪತ್ರೆಗೆ ಹೋಗಬೇಕು, ಬುಧವಾರ ರಜೆ, ಜೊತೆಗೆ ಬಾ — ಇಷ್ಟೇ ಅವನು ಕೇಳಿದ್ದು. ಮೆಲ್ಲಗೆ ಕೇಳಿದ್ದ. ಉತ್ತರವನ್ನು ನಾನು ಎಲ್ಲರಿಗೂ ಕೇಳುವಂತೆ ಕೊಟ್ಟೆ.

"ಮನಸ್ಸು ಎಲ್ಲಿದೆ, ತೋರ್ಸು ಗುರು! ಎಕ್ಸ್‌ರೇಲಿ ಕಾಣ್ಸುತ್ತಾ? ದೆವ್ವ ನಂಬಲ್ಲ ಅಂತೀಯ, ಇದನ್ನ ಹೆಂಗ್ ನಂಬ್ತೀಯ?"

"ನೋಯ್ತಿರೋದು ನಿಜ ತಾನೇ?"

"ಕನಸಲ್ಲೂ ನೋಯುತ್ತೆ. ಅದಕ್ಕೆ ಬ್ಯಾಂಡೇಜ್ ಕಟ್ಟಿಸ್ಕೋತೀಯಾ?"

ಲೋಟಗಳು ಬಡಿದವು. "ಹುಚ್ಚಾಸ್ಪತ್ರೆ ಪಾರ್ಟಿ!" ಎಂದು ಯಾರೋ ಕೂಗಿದರು. ಹೊನ್ನಪ್ಪನೂ ನಕ್ಕ. "ಆಯ್ತು ಬಿಡು, ನೀನೇ ಗೆದ್ದೆ." ಆ ನಗುವನ್ನು ಒಪ್ಪಿಗೆ ಎಂದುಕೊಂಡೆ — ಬೇಕಂತಲೇ ಹಾಗಂದುಕೊಂಡೆನೋ... ಪುರಾವೆ ಕೇಳುವುದು ತಪ್ಪೆಂದು ಈಗಲೂ ಅನ್ನಲಾರೆ. ಆದರೆ ಪುರಾವೆ ನನ್ನ ಪಕ್ಕದಲ್ಲೇ ಕೂತಿತ್ತು.

ಆ ಬುಧವಾರ ಅವನು ಆಸ್ಪತ್ರೆಗೆ ಹೋಗಲಿಲ್ಲ.

ಪ್ರೆಸ್ಸು ಇಳಿಯಬೇಕಾದರೆ ಎರಡು ಕೈಯಿಂದ ಎರಡು ಗುಂಡಿ ಒತ್ತಬೇಕು. ಕೈ ಒಳಗೆ ಸಿಕ್ಕದಿರಲಿ ಎಂದೇ ಆ ಏರ್ಪಾಡು. ಕೆಲಸ ಬೇಗ ಸಾಗಲೆಂದು ನಾವೆಲ್ಲ ಒಂದು ಗುಂಡಿ ಒತ್ತಿದಂತೆಯೇ ಇರಲು ಅದಕ್ಕೆ ಮರದ ಚಕ್ಕೆ ಸಿಕ್ಕಿಸುತ್ತಿದ್ದೆವು. ಹೊನ್ನಪ್ಪ ಒಬ್ಬನೇ ಸಿಕ್ಕಿಸುತ್ತಿರಲಿಲ್ಲ. ಗುರುವಾರ ಅವನ ಗುಂಡಿಯಲ್ಲೂ ಚಕ್ಕೆ ಕಂಡೆ. "ಈಗ ದಾರಿಗೆ ಬಂದೆ ಮಗಾ" ಅಂದೆ. ತಿರುಗಲಿಲ್ಲ. ಅವನ ಕಣ್ಣು ಕೆಲಸದ ಮೇಲಿರಲಿಲ್ಲ, ಎದುರಿನ ಬರಿಗೋಡೆಯ ಮೇಲಿತ್ತು. ನೋಡಿದೆ — ನೋಡಿಯೂ ನನ್ನ ಯಂತ್ರಕ್ಕೆ ಹೋದೆ.

ಊಟದ ಗಂಟೆಗೆ ಮುಂಚೆ ಅವನ ಬಲಗೈಯ ನಾಲ್ಕು ಬೆರಳು ಹೋದವು. ಅವನು ಕೂಗಲೂ ಇಲ್ಲ.

ವಿಚಾರಣೆಯಲ್ಲಿ ಅಧಿಕಾರಿ ಕೇಳಿದರು: "ಮೊದ್ಲೇ ಏನಾದ್ರೂ ತೊಂದ್ರೆ ಹೇಳ್ಕೊಂಡಿದ್ನಾ?"

"ಇಲ್ಲ ಸಾರ್."

ಹೊರಗೆ ನಿಂತಿದ್ದ ನೀವು, "ನಂಗೂ ಹೇಳ್ಲಿಲ್ಲ, ನಾನೆಂಥಾ ಎಂಡ್ತಿ" ಎಂದು ಅತ್ತಿರಿ. ಸಮಾಧಾನ ಹೇಳಿದವನೂ ನಾನೇ. ಈಗಲೂ ಲಗ್ಗೆರೆಯ ನಿಮ್ಮ ಮನೆಗೆ ಬರುತ್ತೇನೆ, ತವರಿನಿಂದ ಬಂದ ಕಾಗದ ಓದಿ ಹೇಳುತ್ತೇನೆ. ಹೊನ್ನಪ್ಪ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಾನೆ. ಏನೂ ಹೇಳುವುದಿಲ್ಲ. ಈಚೆಗೆ ಊಟವನ್ನೂ ಬಿಡುತ್ತಿದ್ದಾನೆ ಅಂದಿರಿ. ಆ ಮೌನ ಅವನನ್ನು ಎಲ್ಲಿಗೆ ಒಯ್ಯುತ್ತಿದೆಯೋ —

ಅದಕ್ಕೇ ಬರೆದೆ. ನಿಮಗೆ ಓದು ಬಾರದು. ಇದನ್ನೂ ನಾನೇ ಓದಬೇಕು. ನಾಳೆ ಬಂದು ಅವನೆದುರಿಗೇ ಓದುತ್ತೇನೆ, ಒಂದು ಸಾಲೂ ಬಿಡದೆ. ಆಸ್ಪತ್ರೆಗೆ ಹೋಗೋಣ ಬಾ ಎಂದು ಆಮೇಲೆ ಕೇಳುತ್ತೇನೆ. ಬರಲ್ಲ ಅಂದರೆ ಮರುದಿನ ಮತ್ತೆ ಬರುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಕೇಳುತ್ತೇನೆ.