ಅಕ್ಕನಿಗೆ ಕುಡಿಸಿದ ಪ್ಯಾಕೆಟ್ ಮಜ್ಜಿಗೆ

ಪ್ಯಾಕೆಟ್ಟಿನ ಮೇಲೆ ಒಬ್ಬ ಹೆಂಗಸಿನ ಚಿತ್ರವಿದೆ. ಜರಿ ಸೀರೆ, ಮೂಗುತಿ, ಮುಡಿ ತುಂಬ ಮಲ್ಲಿಗೆ. ಮಣ್ಣಿನ ಮಡಕೆಯಲ್ಲಿ ಕಡಗೋಲು ಆಡಿಸುತ್ತ ನಮ್ಮನ್ನು ನೋಡಿ ನಗುತ್ತಾಳೆ. ಮಜ್ಜಿಗೆ ಕಡೆಯುವವರು ಯಾರೂ ಹಾಗೆ ನಗುವುದಿಲ್ಲ. ರಟ್ಟೆ ನೋಯುತ್ತಿರುತ್ತದೆ, ಬೆಣ್ಣೆ ಬಂತೋ ಇಲ್ಲವೋ ಎಂದು ಕಣ್ಣು ಮಡಕೆಯೊಳಗೇ ಇರುತ್ತದೆ. ಅವಳ ಹಿಂದೆ ಒಂದು ಹಸು ನಿಂತಿದೆ. ಮೈಮೇಲೆ ಒಂದು ನೊಣವಿಲ್ಲ, ಕಾಲಿಗೆ ಒಂದು ಚೂರು ಸಗಣಿ ಮೆತ್ತಿಲ್ಲ. ಇಷ್ಟೆಲ್ಲ ಬಣ್ಣ ಬಳಿದು ಒಳಗೆ ತುಂಬಿರುವುದು ನೀರು, ಉಪ್ಪು, ಹಸಿಮೆಣಸಿನಕಾಯಿಯ ವಾಸನೆ, ಜೊತೆಗೆ ಹೆಸರಿಗೆ ಇಷ್ಟು ಮೊಸರು.

ಹೋದ ಬೇಸಿಗೆಯಲ್ಲಿ ಇದನ್ನು ದಿನವೂ ತಂದು ನನ್ನ ಅಕ್ಕನಿಗೆ ಕುಡಿಸಿದವನು ನಾನು. ಮನೆಯಲ್ಲಿ ಎರಡು ಸೀಮೆ ಹಸು ಕಟ್ಟಿಕೊಂಡು.

ನಮ್ಮೂರು ಬೇತಮಂಗಲದ ಹತ್ತಿರ. ನಾನು ಸ್ಕೂಲು ಕಂಡಿದ್ದು ಸ್ವಲ್ಪ ಕಾಲ. ಕನ್ನಡ ಓದುತ್ತೇನೆ, ತಡವರಿಸುತ್ತ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಬಸ್ಸಿನ ನಂಬರ್ ಬಿಟ್ಟರೆ ಹೆಚ್ಚು ತಿಳಿಯದು. ಆ ಸ್ವಲ್ಪ ಓದಾದರೂ ಸಿಕ್ಕಿದ್ದು ಅಕ್ಕನಿಂದ. ಅಮ್ಮ ತೀರಿಕೊಂಡ ಮೇಲೆ ಮನೆಯ ಎಮ್ಮೆ ಅವಳ ಪಾಲಿಗೆ ಬಂತು. ಬೆಳಗ್ಗೆ ಕಡೆದು, ಬೆಣ್ಣೆ ತೆಗೆದು, ಮಜ್ಜಿಗೆ ಪಾತ್ರೆಯನ್ನು ತಲೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿ ಚಾಂಪಿಯನ್ ರೀಫ್ಸ್‌ನ ಗಣಿ ಕೆಲಸಗಾರರ ಲೈನುಮನೆಗಳಿಗೆ ಹೋಗಿ ಮಾರುತ್ತಿದ್ದಳು. ಅಲ್ಲಿಯವರು ತಮಿಳಿನಲ್ಲಿ ಅದನ್ನು ಮೋರು ಅನ್ನುತ್ತಿದ್ದರು. ಪಾತ್ರೆ ಬೇಗ ಖಾಲಿಯಾಗುತ್ತಿತ್ತು, ಇನ್ನೊಂದು ಚೊಂಬು ನೀರು ಬೆರೆಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಬೆರೆಸಲಿಲ್ಲ. ಆ ಮಜ್ಜಿಗೆಯ ಕಾಸಿನಿಂದ ನನಗೆ ಸ್ಲೇಟು ಬಂತು, ಚಡ್ಡಿ ಬಂತು. ಆಮೇಲೆ ಅವಳಿಗೆ ಮದುವೆಯಾಯಿತು, ಮಕ್ಕಳಾಗಲಿಲ್ಲ. ಗಂಡ ಹೋದ ಮೇಲೆ ನಮ್ಮ ಮನೆಗೇ ಬಂದಳು.

ಈಗ ನಮ್ಮ ಕಡೆ ಹಾಲು ಮನೆಯಲ್ಲಿ ನಿಲ್ಲುವುದಿಲ್ಲ. ಕರೆದದ್ದೆಲ್ಲ ಕ್ಯಾನಿಗೆ, ಕ್ಯಾನು ಡೈರಿಗೆ. ಕಾಫಿಗೆ ಒಂದು ಲೋಟ ಉಳಿಸುವುದಕ್ಕೂ ಕೈ ಹಿಂದೆ ಮುಂದೆ ನೋಡುತ್ತದೆ. ಡೈರಿಯ ಮಿಷನ್ ನನ್ನ ಹಾಲಿನ ಫ್ಯಾಟು ಚೆನ್ನಾಗಿದೆ ಎಂದು ತೋರಿಸಿದ ದಿನ ನಾನು ನಡೆಯುವ ರೀತಿಯೇ ಬೇರೆ. ಆ ಫ್ಯಾಟು ನನ್ನ ಮನೆಯವರ ಹೊಟ್ಟೆಗೆ ಒಂದು ಹನಿ ಬೀಳುವುದಿಲ್ಲ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಊರಲ್ಲಿ ಎಲ್ಲರದೂ ಹೀಗೇ. ಬೆಳಗ್ಗೆ ಸಾಲಾಗಿ ನಿಂತು ಹಾಲು ಸುರಿದು ಬರುತ್ತೇವೆ, ಮಧ್ಯಾಹ್ನ ಅಂಗಡಿಗೆ ಹೋಗಿ ಮೊಸರು ಕೊಳ್ಳುತ್ತೇವೆ. ನಮ್ಮನ್ನು ಹಾಲಿನ ಜಿಲ್ಲೆಯವರು ಎಂದು ಹೊಗಳುವವರು ಒಂದು ಸಲ ಬಂದು ನಮ್ಮ ಅಡಿಗೆಮನೆಯ ಪಾತ್ರೆಗಳಲ್ಲಿ ಇಣುಕಬೇಕು.

ಅಕ್ಕನಿಗೆ ಬಿಪಿ ಇದೆ ಎಂದು ತಿಳಿದದ್ದು ಬಿಸಿಲು ಏರುವ ಮೊದಲು. ಬಂಗಾರಪೇಟೆಯ ಡಾಕ್ಟರಮ್ಮ ಮಾತ್ರೆ ಕೊಟ್ಟು ಉಪ್ಪು ಕಡಿಮೆ ಮಾಡಲು ಹೇಳಿದರು. ಅಕ್ಕ ಹೇಳಿದ್ದನ್ನು ಮೀರುವವಳಲ್ಲ. ನನ್ನ ಹೆಂಡತಿ ಅವಳಿಗೆ ಬೇರೆಯಾಗಿ ಸಪ್ಪೆ ಸಾರು ಮಾಡುತ್ತಿದ್ದಳು. ಉಪ್ಪಿನಕಾಯಿ ಜಾಡಿಯನ್ನು ಅಕ್ಕ ತಾನೇ ಎತ್ತಿ ಅಟ್ಟದ ಮೇಲೆ ಇಟ್ಟಳು. ಕೇಳಿದ್ದು ಒಂದೇ. ಮುದ್ದೆ ಗಂಟಲಲ್ಲಿ ಇಳಿಯುತ್ತಿಲ್ಲ, ಒಂದು ಲೋಟ ಹಾಲು ಹೆಪ್ಪು ಹಾಕಿಸು, ಮಜ್ಜಿಗೆಗೆ ಆಗುತ್ತದೆ ಅಂದಳು. ಬೇಸಿಗೆ, ಹಸು ಕಡಿಮೆ ಕೊಡುತ್ತಿದೆ, ಹಿಂಡಿ ಬೂಸಾ ದುಬಾರಿ ಎಂದು ನಾನು ಏನೇನೋ ಗೊಣಗಿ ಆ ಸಂಜೆ ಡೈರಿಯ ಪಕ್ಕದ ಅಂಗಡಿಯಿಂದ ಮಸಾಲೆ ಮಜ್ಜಿಗೆಯ ಪ್ಯಾಕೆಟ್ ತಂದೆ. ಅವಳು ಹಲ್ಲಿನಲ್ಲಿ ತುದಿ ಕಚ್ಚಿ, ಲೋಟಕ್ಕೂ ಸುರಿಯದೆ ಕುಡಿದಳು. ತುಟಿ ಒರೆಸಿಕೊಂಡು ಚೆನ್ನಾಗಿದೆ ಅಂದಳು. ಅವತ್ತಿಂದ ದಿನಕ್ಕೆ ಎರಡು, ಬಿಸಿಲು ಜಾಸ್ತಿಯಾದರೆ ಮೂರು. ನಾನೂ ಎಷ್ಟೋ ಸಲ ಕುಡಿದಿದ್ದೇನೆ. ಉಪ್ಪು ನಾಲಗೆಯನ್ನು ಚುಚ್ಚುತ್ತಿತ್ತು. ಆದರೂ ಉಪ್ಪು ಅಂದರೆ ಉಪ್ಪಿನಕಾಯಿ, ಹಪ್ಪಳ, ಒಣಮೀನು. ಮಜ್ಜಿಗೆ ಅಂದರೆ ತಂಪು. ನನ್ನ ತಲೆಯಲ್ಲಿ ಇವೆರಡೂ ಬೇರೆ ಬೇರೆ ಗೂಟಕ್ಕೆ ಕಟ್ಟಿದ್ದವು.

ಮಾತ್ರೆ ನುಂಗಿದರೂ ಬಿಪಿ ಇಳಿಯಲಿಲ್ಲ. ಕಾಲು ಊದಿತು. ಮತ್ತೆ ಬಂಗಾರಪೇಟೆಗೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ ಅಕ್ಕನ ಊಟವನ್ನೆಲ್ಲ ಕೆದಕಿ ಕೇಳಿದರು. ಸಪ್ಪೆ ಸಾರು, ಮುದ್ದೆ, ಬಿಸಿಲಿಗೆ ಒಂದೀಟು ಮಜ್ಜಿಗೆ ಎಂದು ಅಕ್ಕ ಒಪ್ಪಿಸಿದಳು.

"ಮಜ್ಜಿಗೆ ಮನೇದಾ, ಅಂಗಡೀದಾ?" ಅಂದರು.

ಪ್ರಶ್ನೆ ಅಕ್ಕನಿಗೆ. ಉತ್ತರ ಕೊಟ್ಟವನು ನಾನು.

"ಮನೇದೇ ಮೇಡಂ. ನಮ್ದು ಹಾಲಿನ್ ಮನೆ. ಅಂಗಡೀದು ನಮ್ಗ್ಯಾಕೆ?"

ಯಾಕೆ ಹಾಗಂದೆ? ನಮ್ಮ ಹಿಂದೆ ಬೆಂಚಿನ ಮೇಲೆ ನಮ್ಮೂರ ಕಡೆಯವರೇ ಇಬ್ಬರು ಕೂತಿದ್ದರು. ಎರಡು ಹಸು ಇಟ್ಟುಕೊಂಡವನು ಕಾಯಿಲೆಯ ಅಕ್ಕನಿಗೆ ಅಂಗಡಿ ಮಜ್ಜಿಗೆ ಕುಡಿಸುತ್ತಾನೆ ಎಂದು ಅವರ ಕಿವಿಗೆ ಬೀಳಬಾರದಿತ್ತು. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಅಕ್ಕ ಒಮ್ಮೆ ನನ್ನ ಕಡೆ ತಿರುಗಿದಳು, ಆಮೇಲೆ ಮೇಜಿನ ಮೇಲಿದ್ದ ಬಿಪಿ ಮಿಷನ್ನನ್ನು ನೋಡುತ್ತ ಕೂತಳು. ಮನೆಯದಾದರೆ ಉಪ್ಪು ಹಾಕದೆ ಕುಡಿಯಲಿ, ಒಳ್ಳೆಯದೇ ಎಂದು ಹೇಳಿ ಡಾಕ್ಟರಮ್ಮ ಇನ್ನೊಂದು ಮಾತ್ರೆ ಸೇರಿಸಿದರು. ವಾಪಸು ಬರುವಾಗ ಅದೇ ಅಂಗಡಿಯಲ್ಲಿ ನಿಂತು ಅದೇ ಪ್ಯಾಕೆಟ್ ಕೊಂಡುಕೊಂಡೆ.

ಅದಕ್ಕೂ ಇಳಿಯಲಿಲ್ಲ. ಈ ಸಲ ಡಾಕ್ಟರಮ್ಮನ ಹುಬ್ಬು ಗಂಟಾಯಿತು. ಉಪ್ಪಿಲ್ಲ, ಮಾತ್ರೆ ತಪ್ಪುತ್ತಿಲ್ಲ, ಆದರೂ ಹೀಗೆ ಅಂದರೆ ಕಿಡ್ನಿ ನೋಡಬೇಕು ಅಂದರು. ಕೋಲಾರಕ್ಕೆ ಹೋಗಿ ರಕ್ತ ಕೊಟ್ಟು, ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದೆವು. ಕಿಡ್ನಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅಕ್ಕ ಅಕ್ಕನಾಗಿ ಉಳಿಯಲಿಲ್ಲ. ಅವಳ ಜೊತೆಯವಳೊಬ್ಬಳು ಹಾಗೇ ರಕ್ತ ತೊಳೆಸಿಕೊಳ್ಳಲು ಓಡಾಡಿ ಓಡಾಡಿ ಹೋಗಿಬಿಟ್ಟಿದ್ದಳು. ಒಂದು ಮಧ್ಯಾಹ್ನ ತನ್ನ ಟ್ರಂಕು ತೆಗೆದು, ಮಡಿಸಿಟ್ಟ ಸೀರೆಗಳನ್ನು ಒಂದೊಂದಾಗಿ ನನ್ನ ಹೆಂಡತಿಯ ತೊಡೆಯ ಮೇಲಿಟ್ಟಳು.

"ನಾನ್ ಸತ್ತೋದ್ಮೇಲೆ ಬ್ಯಾರೆಯೋರ್ ಕೈಗೆ ಓಗದ್ ಬ್ಯಾಡ. ನೀನೇ ಉಟ್ಕೋ."

ನನ್ನ ಹೆಂಡತಿ ಅತ್ತಳು. ನಾನು ಹುಲ್ಲು ಹಾಕುವ ನೆಪದಲ್ಲಿ ಎದ್ದು ಕೊಟ್ಟಿಗೆಗೆ ಹೋದೆ.

ರಿಪೋರ್ಟು ತೋರಿಸಲು ಹೋಗುವ ಹಿಂದಿನ ಸಂಜೆ ಡೈರಿಗೆ ಹಾಲು ತೆಗೆದುಕೊಂಡು ಹೋಗಿದ್ದೆ. ಅಂಗಡಿಯಲ್ಲಿ ಮೊದಲೇ ಕೊಂಡಿದ್ದ ಪ್ಯಾಕೆಟ್ಟುಗಳು ಗಾಡಿಯ ಹ್ಯಾಂಡಲ್ಲಿಗೆ ಸಿಕ್ಕಿಸಿದ ಕವರಿನಲ್ಲಿದ್ದವು. ಹಾಲು ಅಳೆಯುವ ಸೆಕ್ರೆಟರಿಗೆ ನನಗಿಂತ ಚಿಕ್ಕ ವಯಸ್ಸು, ನಾಲಗೆ ಮಾತ್ರ ಉದ್ದ. ಕಣ್ಣಿಗೆ ಬಿದ್ದದ್ದೇ ಒಂದನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ಏನಣ್ಣೋ ಇದು, ಎಲ್ಡ್ ಹಸ ಕಟ್ಕೊಂಡು ಮಜ್ಜಿಗೆ ಕೊಳ್ತೀಯ? ತಾ ಮಿಷನ್‌ಗೆ ಉಯ್ದು ನೋಡಾನ, ಡಿಗ್ರಿ ಎಷ್ಟೈತೆ ಅಂತ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಹುಳಿ ಹುಯ್ದರೆ ಮಿಷನ್ ಕೆಡುತ್ತದೆ ಎಂದು ಅವನೇ ಕೈ ಹಿಂದೆಗೆದ. ಆದರೆ ಆಟ ಬಿಡಲಿಲ್ಲ. ಪ್ಯಾಕೆಟ್ಟನ್ನು ಬಲ್ಬಿನ ಬೆಳಕಿಗೆ ಹಿಡಿದು, ಹಿಂದಿನ ಇರುವೆಯಂಥ ಇಂಗ್ಲಿಷ್ ಅಕ್ಷರಗಳನ್ನು ಮದುವೆ ಕಾಗದ ಓದುವ ಹಾಗೆ ರಾಗವಾಗಿ ಓದತೊಡಗಿದ. ಮೊದಲು ನೀರು. ಆಮೇಲೆ ಮೊಸರು. ಆಮೇಲೆ ಉಪ್ಪು. ಶುಂಠಿ, ಮೆಣಸಿನಕಾಯಿ, ಕೊತ್ತಂಬರಿ, ನೀರೂ ಮೊಸರೂ ಬೇರೆಯಾಗದ ಹಾಗೆ ಹಿಡಿದಿಡುವ ಏನೋ ಒಂದು ಪುಡಿ. ಪ್ರೋಟೀನು ಇದ್ದೂ ಇಲ್ಲದ ಹಾಗಿದೆ, ಕೊಬ್ಬು ನಾಚಿಕೆಗೆ ಇಷ್ಟಿದೆ, ಉಪ್ಪಿನ ಲೆಕ್ಕ ಮಾತ್ರ ಭರ್ಜರಿ ಅಂದ.

"ನೀನು ಇಷ್ಟ್ ನೀರಾಕಿ ಹಾಲ್ ತಂದಿದ್ರೆ ಕ್ಯಾನ್ ಸಮೇತ ಆಚಿಕ್ ಕಳಿಸ್ತಿದ್ದೆ. ಅವ್ರು ಮೇಲೊಂದು ಎಂಗ್ಸಿನ್ ಬೊಮ್ಮೆ ಆಕಿ ಮಾರ್ತವ್ರೆ, ನೀನು ಕಾಸ್ ಕೊಟ್ಟು ತಗೊಂಡೋಯ್ತೀಯ. ಬಿಪಿ ಗಿಪಿ ಇರೋರ್ಗೆ ಕೊಟ್ಬುಟ್ಟೀಯ, ಉಸಾರು."

ಅವನಿಗೆ ಅದು ತಮಾಷೆ. ನಾನೂ ನಕ್ಕೆ. ನಗುತ್ತಲೇ ಕ್ಯಾನು ತೊಳೆದೆ, ನಗುತ್ತಲೇ ಗಾಡಿ ಹತ್ತಿದೆ. ಅವತ್ತು ಅಕ್ಕನಿಗೆ ಅಂಗಡಿಯಲ್ಲಿ ಪ್ಯಾಕೆಟ್ ಇರಲಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿದೆ.

ಮಾರನೆಯ ದಿನ ಡಾಕ್ಟರಮ್ಮ ರಿಪೋರ್ಟನ್ನು ಎರಡೆರಡು ಸಲ ನೋಡಿದರು. ಕಿಡ್ನಿಯಲ್ಲಿ ದೋಷವಿಲ್ಲ. ಹಾಗಾದರೆ ಇದೇನು ಎಂದು ಅವರಿಗೆ ಅರ್ಥವಾಗಲಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತೇನೆ ಎಂದು ಪೆನ್ನು ತೆಗೆದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ನಾನು ಜೇಬಿನಿಂದ ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟೆ.

"ಮಜ್ಜಿಗೆ ಮನೇದಲ್ಲ ಮೇಡಂ. ಇದು."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ದಿನಕ್ಕೆ ಎಷ್ಟು, ಎಷ್ಟು ಕಾಲದಿಂದ ಎಂದು ಕೇಳಿದರು. ಪ್ಯಾಕೆಟ್ ತಿರುಗಿಸಿ ಓದಿ, ನಾನು ಕೊಟ್ಟ ಮಾತ್ರೆ ಒಂದು ಕಡೆ ಎಳೆಯುತ್ತಿತ್ತು, ನೀವು ಇನ್ನೊಂದು ಕಡೆ ಎಳೆಯುತ್ತಿದ್ದಿರಿ ಅಂದರು. ಗಟ್ಟಿಯಾಗಿರುವವನು ಬಿಸಿಲಲ್ಲಿ ಒಂದು ಕುಡಿದರೆ ಏನೂ ಆಗದು, ಇವರಿಗೆ ಬೇಡ. ಮೊಸರಿಗೆ ಬದಲು ಇದು ಎಂದು ತಿಳಿಯಲೂ ಬೇಡಿ, ಹೊಟ್ಟೆ ತುಂಬಿದ ಹಾಗಾಗುತ್ತದೆ, ಮೈಗೆ ಹತ್ತುವುದಿಲ್ಲ. ಮೊದಲು ಇದನ್ನು ನಿಲ್ಲಿಸಿ, ಆಮೇಲೆ ನೋಡೋಣ ಎಂದು ಬರೆದ ಚೀಟಿಯನ್ನು ಹರಿದರು. ಇದಕ್ಕೆಲ್ಲ ಕೂಡಿ ಒಂದು ಕಾಫಿ ಕುಡಿಯುವಷ್ಟು ಹೊತ್ತು ಹಿಡಿಯಿತು. ಇಷ್ಟಕ್ಕೆ ಅಕ್ಕ ಒಂದು ಬೇಸಿಗೆ ಪೂರ್ತಿ ಸಾವಿನ ಪಕ್ಕ ಮಲಗಿ ಎದ್ದಿದ್ದಳು.

ವಾಪಸು ರೈಲಿನಲ್ಲಿ ಬಂದೆವು. ಉರಿಗಾಂ ದಾಟಿತು. ಕಿಟಕಿಯಾಚೆ ಗಣಿಯ ಬೂದು ಮಣ್ಣಿನ ಗುಡ್ಡ ಕಂಡಾಗ ಅಕ್ಕ ಶುರು ಮಾಡಿದಳು.

"ಮನೇದು ಅಂತ ನೀನಂದಾಗ್ಲೇ ನಾನು ಯೋಳ್ಬೋದಾಗಿತ್ತು. ಆ ಯಮ್ಮನ ಮುಂದೆ ನೀನು ಚಿಕ್ಕೋನಾಗ್ಬಾರ್ದು ಅಂತ ಸುಮ್ಕಾದೆ. ನಾನು ಸಾಯ್ತೀನಿ ಅಂತ ಟ್ರಂಕ್ ತೆಗೆದಾಗ್ಲೂ ನೀನು ಸುಮ್ಕೇ ಇದ್ಯಲ್ಲೋ."

"ಉಪ್ಪೈತೆ ಅಂತ ನಂಗೆ ನಿನ್ನೇನೇ ಕಣಕ್ಕ ಗೊತ್ತಾಗಿದ್ದು."

"ನಾಲ್ಗೆ ಇಲ್ವೇನ್ಲಾ ನಿಂಗೆ?"

ಆಮೇಲೆ ತಾನೇ ಹೇಳಿದಳು. ಸಪ್ಪೆ ತಿಂದು ತಿಂದು ಅವಳಿಗೆ ಆ ಉಪ್ಪಿನದೇ ಆಸೆಯಾಗಿತ್ತಂತೆ. ಸಂಜೆ ನನ್ನ ಗಾಡಿಯ ಸದ್ದಿಗೆ ಕಾಯುತ್ತಿದ್ದಳಂತೆ. ಅದನ್ನು ಕೇಳಿ ಅರ್ಧ ತಪ್ಪು ಅವಳದೂ ಹೌದು ಎಂದುಕೊಳ್ಳಲು ನನಗೆ ಒಂದು ಕ್ಷಣ ಆಸೆಯಾಯಿತು. ನನ್ನ ಯೋಗ್ಯತೆ ಅಷ್ಟು. ಮನೆಯ ಹಾಲಿನಲ್ಲಿ ಒಂದು ಲೋಟ ಕೇಳಿ ಇಲ್ಲ ಅನ್ನಿಸಿಕೊಂಡವಳು ಸಿಕ್ಕಿದ್ದನ್ನು ಕುಡಿದಳು. ಅದರಲ್ಲಿ ಅವಳ ಪಾಲು ಏನಿದೆ?

ಅವಳ ಬಿಪಿ ನಿಧಾನಕ್ಕೆ ಇಳಿಯಿತು, ಕಾಲಿನ ಊತವೂ ಇಳಿಯಿತು. ನಾನು ಮರುದಿನವೇ ದೊಡ್ಡ ಮನಸ್ಸು ಮಾಡಿದವನ ಹಾಗೆ, ಇನ್ನು ದಿನಾ ಒಂದು ಲೋಟ ಹಾಲು ನಿನಗೆ ಬಿಡುತ್ತೇನೆ ಕಣಕ್ಕ ಅಂದಿದ್ದೆ. ಅದರ ಮಾರನೆಯ ಬೆಳಗ್ಗೆ ನಾನು ಕ್ಯಾನು ಹಿಡಿದು ಕೊಟ್ಟಿಗೆಗೆ ಹೋದರೆ ಅವಳು ಆಗಲೇ ಹಸುವಿನ ಮಗ್ಗುಲಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದಳು. ತನ್ನ ಚೊಂಬಿಗೆ ಕರೆದುಕೊಳ್ಳುತ್ತಿದ್ದಳು. ಚೊಂಬು ತುಂಬಿ ನೊರೆ ಅಂಚು ಮೀರುವವರೆಗೂ ಏಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಎದ್ದು ಹೋಗುವಾಗ ಹಸುವಿನ ಬೆನ್ನು ಸವರಿದಳು. ಅವತ್ತಿಂದ ದಿನಾ ಹೀಗೇ ನಡೆದಿದೆ. ಅವಳದು ಮುಗಿಯುವವರೆಗೆ ನಾನು ಖಾಲಿ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿರುತ್ತೇನೆ. ಒಂದೊಂದು ದಿನ ಬೇಕೆಂದೇ ನಿಧಾನ ಮಾಡುತ್ತಾಳೆ.