ಮಂಡಿಯೂರುವ ವಿಮಾನ

ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಎದುರಿನ ಗ್ಯಾರೇಜಿನಲ್ಲಿ ಯಾರೋ ಬೈಕಿನ ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಅರಕಲಗೂಡಿಗೆ ಮದುವೆಗೆಂದು ಹೊರಟವಳು ರೇಷ್ಮೆ ಸೀರೆಯಲ್ಲೇ ಮೂಗರಳಿಸಿ ನಿಂತುಬಿಟ್ಟೆ. ನಿಮಗೆ ಮಲ್ಲಿಗೆ ಇಷ್ಟವಿರಬಹುದು, ನನಗೆ ಈ ವಾಸನೆ. ವಿಮಾನದ ಇಂಧನದ್ದೂ ಹೆಚ್ಚೂಕಡಿಮೆ ಇದೇ. ಬೆಂಗಳೂರಿನ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ದುಡಿದ ಮೂಗು ಇದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿಗೆ ಒಂದು ದೈತ್ಯ ಸರಕು ವಿಮಾನ ಬಂದಿಳಿಯಿತು. ಹೊಟ್ಟೆಯಲ್ಲಿ ವಿದ್ಯುತ್ ಸ್ಥಾವರದ ಯಂತ್ರ. ನಿಂತ ಮೇಲೆ ಅದರ ಮೂಗಿಗೆ ಮೂಗೇ ಮೇಲಕ್ಕೆ ತೆರೆದುಕೊಂಡಿತು. ಆಮೇಲೆ ಸರಕು ಇಳಿಸಲು ಅನುಕೂಲವಾಗಲೆಂದು ಮುಂದಿನ ಚಕ್ರದ ಕಾಲು ಮಡಿಸಿ ಮಂಡಿಯೂರಿತು. ಎತ್ತು ಬಿಚ್ಚಿದ ಗಾಡಿ ನೊಗವನ್ನು ನೆಲಕ್ಕೂರಿ ಬಾಗುತ್ತದಲ್ಲ, ಹಾಗೆ. ಒಳಗೆ ಚಾವಣಿಯಲ್ಲೇ ಓಡಾಡುವ ಕ್ರೇನು ಬೇರೆ. ನಾನು ಊಟ ಮರೆತು ನೋಡಿದೆ.

ಅದೇ ತಿಂಗಳು ನನ್ನನ್ನು ನೋಡಲು ಅರಕಲಗೂಡಿನಿಂದ ಗಂಡಿನವರು ಊರಿನ ನಮ್ಮ ಮನೆಗೆ ಬಂದರು. ತಲೆ ಬಗ್ಗಿಸಿ ಕೇಸರಿಬಾತ್ ಕೊಟ್ಟು ಒಳಗೆ ಹೋಗಬೇಕಾದವಳು ನಾನು. ಕೊಬ್ಬರಿ ವ್ಯಾಪಾರಿಯಾಗಿದ್ದ ಹುಡುಗನ ದೊಡ್ಡಪ್ಪ, "ಏನವ್ವ ಕೆಲ್ಸ ನಿಂದು?" ಅಂದರು. ಮಾತು ಶುರುವಾದರೆ ನನಗೆ ಬ್ರೇಕಿಲ್ಲ. ತಟ್ಟೆ ಹಿಡಿದುಕೊಂಡೇ ವಿಮಾನದ ಹಾಗೆ ಮಂಡಿ ಬಗ್ಗಿಸಿ ತೋರಿಸಿದೆ.

ಅವರು ನಕ್ಕರು. "ಇಮಾನ ಮಂಡಿ ಊರ್ತದಾ? ರೀಲು ಬುಡೋಕೂ ಒಂದ್ ಮಿತಿ ಬ್ಯಾಡ್ವಾ? ದಿಟ ಆದ್ರೆ ದೀಪ ಮುಟ್ಟಿ ಏಳವ್ವ."

ಆಗ ಕೈಯಲ್ಲಿದ್ದದ್ದು ಬಟನ್ ಫೋನು, ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ನಮ್ಮ ಕಡೆ ದೀಪ ಮುಟ್ಟಿ ಆಣೆ ಇಟ್ಟರೆ ಮಾತು ಮುಗಿಯಿತು. ಆದರೆ ಅದು ಕಳ್ಳತನಕ್ಕೆ, ಗದ್ದೆ ಬದುವಿನ ಜಗಳಕ್ಕೆ ಇರುವ ಆಣೆ. ಕಣ್ಣಾರೆ ಕಂಡದ್ದನ್ನು ಹೇಳಿದವಳಿಗೆ ಯಾಕೆ? ಅವ್ವ ಸೊಂಟ ಚಿವುಟಿದಳು. "ತಮಾಸೆಗಂದೆ ಅಂತ ಏಳ್ಬುಡೇ. ಒಳ್ಳೆ ಸಂಬಂದ ಕಣೇ."

"ಆಣೆ ಇಡಲ್ಲ. ತಮಾಷೆನೂ ಅಲ್ಲ. ನಾನು ನೋಡಿದೀನಿ, ಅಷ್ಟೆ" ಅಂದೆ.

ಸಂಬಂಧ ಮುರಿಯಿತು. ಸುಳ್ಳುಬುರುಕಿ ಎಂಬ ಹೆಸರು ಹೊಳೆ ದಾಟಿ ಹೋಯಿತು, ಬರಬೇಕಿದ್ದ ಬೇರೆ ಗಂಡಿನವರೂ ಬರಲಿಲ್ಲ. ಅವ್ವ ಮಾತು ಬಿಟ್ಟಳು. ನೋವಾಯಿತು, ಬಹಳ ನೋವಾಯಿತು. ಆದರೂ ಹೇಳಿದ್ದನ್ನು ಹಿಂತೆಗೆದುಕೊಳ್ಳಲಿಲ್ಲ. ಕಡೆಗೆ ನನ್ನನ್ನು ಮದುವೆಯಾದ ಚನ್ನರಾಯಪಟ್ಟಣದವರು ಕತೆ ಕೇಳಿ, "ಬಗ್ಗುದ್ಮೇಲೆ ಎದ್ದೇಳೋದು ಎಂಗೆ?" ಎಂದಷ್ಟೇ ಕೇಳಿದರು. ಎಣ್ಣೆಯ ಒತ್ತಡ, ಪಂಪು ಅಂತ ಅವರು ಆಕಳಿಸುವವರೆಗೂ ವಿವರಿಸಿದೆ.

ಬಸ್ಸು ಬಂತು. ಅರಕಲಗೂಡಿನ ಛತ್ರದಲ್ಲಿ ಊಟಕ್ಕೆ ಕೂತರೆ ಎದುರು ಸಾಲಿನಲ್ಲಿ ಅದೇ ದೊಡ್ಡಪ್ಪ. ಈಗ ಹಣ್ಣುಹಣ್ಣು ಮುದುಕರು. ನನ್ನ ಗುರುತು ಹಿಡಿದು, ಮೊಬೈಲ್ ಚಾಚಿಕೊಂಡು ಎಲೆಯ ಹತ್ತಿರವೇ ಬಂದರು. ಅದರಲ್ಲಿ ಅಂಥದೇ ವಿಮಾನ ಮಂಡಿಯೂರುತ್ತಿತ್ತು.

"ನೋಡವ್ವ, ಮೊಮ್ಮಗ ಕಳ್ಸವ್ನೆ. ನೀನೇಳಿದ್ದು ದಿಟ ಕಣವ್ವ. ಈಗ ನಂಬ್ದೆ."

ಸುತ್ತ ಕೂತವರು ನಾನು ನಗಲೆಂದು ಕಾದರು. ಇಷ್ಟು ವರ್ಷ ಈ ಒಂದು ಮಾತಿಗೇ ಕಾದಿದ್ದೇನೆ ಅಂದುಕೊಂಡಿದ್ದೆ. ಕೇಳಿದ ಮೇಲೆ ಸಿಟ್ಟು ಬಂತು.

"ನೀವು ನಂಬಿದ್ದು ಮೊಬೈಲನ್ನ ಯಜಮಾನ್ರೇ" ಅಂದೆ. "ನನ್ನನ್ನ ಇನ್ನೂ ನಂಬಿಲ್ಲ."

ಅವರು ನಿಂತೇ ಇದ್ದರು. ಹೋಳಿಗೆ ಬಡಿಸುವವರು ಬಂದರು. ನಾನು ಇನ್ನೊಂದು ಹಾಕಿಸಿಕೊಂಡೆ.