ಹಿಂದಿನ ಸಾಲಿನ ನಮ್ಮ ಅತ್ತೆ

ಕನ್ನಡಕಕ್ಕೆ ಲಂಗದ ಲಾಡಿ ಕಟ್ಟಿ, ಅದನ್ನು ತುರುಬಿನ ಕೆಳಗೆ ಗಂಟು ಹಾಕಿಕೊಂಡು, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಅದು ಹಾರದಂತೆ ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಪಿನ್ನು ಚುಚ್ಚಿಕೊಂಡು ನಮ್ಮ ಅತ್ತೆ ರೋಲರ್ ಕೋಸ್ಟರಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ಹಿಂದೆ ಮುಂದೆ ಕಾಲೇಜು ಹುಡುಗರು. "ಅಜ್ಜಿ, ಇದು ಸಣ್ಣ ಮಕ್ಕಳ ರೈಲಿನ ಸಾಲಲ್ಲ" ಎಂದು ಪ್ರತಿ ಸಲವೂ ಯಾರಾದರೊಬ್ಬ ಹೇಳುತ್ತಿದ್ದ. "ಗೊತ್ತೈತಪಾ, ನೀ ಮುಂದ ನಡಿ" ಎನ್ನುತ್ತಿದ್ದರು.

ಬೆಟಗೇರಿಯ ಮನೆಯಲ್ಲಿ ಅವರನ್ನು ಕಂಡವರು ಇದನ್ನು ನಂಬುತ್ತಿರಲಿಲ್ಲ. ಕುರ್ತಕೋಟಿಯ ಹೊಲ, ಆಳುಕಾಳು, ಮೈದುನರ ಮದುವೆ, ನಾದಿನಿಯರ ಬಾಣಂತನ, ಎಲ್ಲವನ್ನೂ ದನಿ ಏರಿಸದೆ ನಡೆಸಿದವರು ಅವರು. ಸಿಟ್ಟು ಬಂದರೆ ಮಾತು ಇನ್ನೂ ಮೆತ್ತಗಾಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಆ ಮೆತ್ತನೆಯ ದನಿಗೇ ಹೆದರುತ್ತಿದ್ದೆ.

ಅವರು ಮೊದಲ ಸಲ ರೈಡ್ ಹತ್ತಿದ್ದು ಆಕಸ್ಮಿಕ. ಮಕ್ಕಳ ದಸರಾ ರಜೆಗೆ ಹೈದರಾಬಾದಿನ ಕಡೆಯ ಒಂದು ಪಾರ್ಕಿಗೆ ಹೋಗಿದ್ದೆವು. ಚೀಲ ಕಾಯಲು ಒಬ್ಬರು ಬೇಕೆಂದು ಅತ್ತೆಯವರನ್ನೂ ಕರೆದೊಯ್ದಿದ್ದೆವು. ನನಗೆ ಎತ್ತರವೆಂದರೆ ಆಗದು, ನಾನು ಹತ್ತುವ ಮಾತೇ ಇರಲಿಲ್ಲ. ನನ್ನ ಮಗಳು ಬಹಳ ಹೊತ್ತು ಸಾಲಿನಲ್ಲಿ ನಿಂತು, ಬಾಗಿಲು ತೆರೆದ ಕೂಡಲೇ ಅಳುತ್ತ ಹಿಂದೆ ಸರಿದಳು. ಅತ್ತೆ ಚೀಲಗಳನ್ನು ನನ್ನ ಕೈಗೆ ಕೊಟ್ಟರು. "ಇಷ್ಟೊತ್ತ ನಿಂತೇವಿ, ಹೊಳ್ಳಿ ಹೋಗೂದೇನು?" ಎಂದವರೇ ಹೋಗಿ ಕೂತುಬಿಟ್ಟರು. "ಅವ್ವಾ, ಇಳೀ!" ಎಂದು ನಮ್ಮ ಯಜಮಾನರು ಕೂಗುವುದರೊಳಗೆ ಗಾಡಿ ಹೊರಟಿತ್ತು.

ಇಳಿದು ಬಂದಾಗ ತುರುಬು ಬಿಚ್ಚಿ ಹೋಗಿತ್ತು. ಒಂದು ಬಾಟಲಿ ನೀರು ಕುಡಿದರು. ನಾವೆಲ್ಲ ಮುಖ ಮುಖ ನೋಡುತ್ತಿರುವಾಗ ಕೇಳಿದರು: "ಸಾಲು ಎಲ್ಲಿಂದ ಸುರು?"

ಅಲ್ಲಿಂದ ಮುಂದೆ ಅದೊಂದು ಹುಚ್ಚೇ ಆಯಿತು. ಮೊಮ್ಮಗಳಿಂದ ಫೋನಿನಲ್ಲಿ ವಿಡಿಯೊ ನೋಡುವುದನ್ನು ಕಲಿತರು. ಹೀಗೇ ರೈಡ್ ಹುಚ್ಚಿನವರ ಒಂದು ವಾಟ್ಸಾಪ್ ಗುಂಪು ಸಿಕ್ಕಿತು. ಅದರಲ್ಲಿ ಲಕ್ಷ್ಮೇಶ್ವರದ ಒಬ್ಬ ಬಳೆ ಅಂಗಡಿಯವರು, ಮುಂಡರಗಿಯ ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬ ಹುಡುಗಿ, ಉಳಿದಂತೆ ಹುಬ್ಬಳ್ಳಿಯ ಹುಡುಗರು. ಬರೆಯಲು ಬೇಸರವಾಗಿ ಅತ್ತೆ ಮಾತಾಡಿಯೇ ಕಳಿಸುತ್ತಿದ್ದರು. ಬೆಳಿಗ್ಗೆ ಒಳಕೋಣೆಯಿಂದ ಅವರ ಚರ್ಚೆ ಕೇಳುತ್ತಿತ್ತು. ಮುಂದಿನ ಸಾಲು ಚೆನ್ನೋ ಹಿಂದಿನದೋ ಎಂಬುದು ಅಲ್ಲಿ ಎಂದೂ ಮುಗಿಯದ ಜಗಳ. "ಮುಂದ ಕುಂತ್ರ ನೋಡೂ ಸುಖ, ಹಿಂದ ಕುಂತ್ರ ಬೀಳೂ ಸುಖ. ನನಗ ನೋಡೂದು ಸಾಕಾಗೇತಿ" ಎಂದು ಅತ್ತೆ ಹಿಂದಿನ ಸಾಲಿಗೇ ಅಂಟಿಕೊಂಡಿದ್ದರು.

ನೆಂಟರ ಬಾಯಿಗೆ ಇದು ಸಿಗದೆ ಇರಲಿಲ್ಲ. ಶಿರಹಟ್ಟಿಯ ಒಂದು ಮದುವೆಯಲ್ಲಿ, ಎಲ್ಲರೂ ಊಟಕ್ಕೆ ಕೂತಾಗ, ದೂರದ ಸಂಬಂಧಿಯೊಬ್ಬರು "ಏನಕ್ಕಾ, ಈ ವಯಸ್ಸಿನ್ಯಾಗ ಜೋಕಾಲಿ ಹುಚ್ಚು ಹಿಡದೈತಂತಲ್ಲಾ" ಎಂದರು. ಪಂಕ್ತಿಯೆಲ್ಲ ನಕ್ಕಿತು. ಯಜಮಾನರು ತಲೆ ತಗ್ಗಿಸಿದರು. ಅತ್ತೆ ರೊಟ್ಟಿ ಮುರಿಯುತ್ತಲೇ, "ಖರೆ ಐತಿ. ಮುಂದಿನ ಸಲ ನೀನೂ ಬಾ. ಅಳಾಕ ಹತ್ತಿದ್ರ ಕೈ ಹಿಡ್ಕೋತೀನಿ" ಎಂದರು.

ಯಜಮಾನರಿಗೆ ಮಾತ್ರ ಈ ನಾಚಿಕೆ ಹೋಗಲೇ ಇಲ್ಲ. ಪಾರ್ಕಿಗೆ ಮತ್ತೆ ಅವರು ಬರಲಿಲ್ಲ. ಜೊತೆಗೆ ಹೋಗುತ್ತಿದ್ದವಳು ನಾನು, ಕೆಳಗೆ ಚೀಲ ಕಾಯಲು. ಮೇಲೆ ಅತ್ತೆಯ ಪಕ್ಕ ಕೂರುತ್ತಿದ್ದವರು ಗುಂಪಿನ ಬಳೆ ಅಂಗಡಿಯವರು, ಮುಂಡರಗಿಯ ಹುಡುಗಿ. ಒಮ್ಮೆ ಮಾಳಿಗೆಯ ಮೇಲೆ ಇಬ್ಬರೂ ಮೆಣಸಿನಕಾಯಿ ಒಣಹಾಕುತ್ತಿದ್ದಾಗ ಧೈರ್ಯ ಮಾಡಿ ಕೇಳಿದೆ, "ಅತ್ತಿ, ಅದರಾಗ ಏನೈತ್ರಿ ಅಂಥಾದ್ದು?"

ಅವರು ಕಾಯಿ ಹರಡುವುದನ್ನು ನಿಲ್ಲಿಸಲಿಲ್ಲ. "ಈ ಮನಿಗೆ ಬಂದಾಗಿಂದ ಎಲ್ಲಾರ ಹಗ್ಗಾನೂ ನಾನ ಹಿಡದೇನವಾ. ಅಲ್ಲಿ ಮ್ಯಾಲೆ ಹೋದಮ್ಯಾಲೆ ನನ್ನ ಕೈಯಾಗ ಏನೂ ಇರೂದುಲ್ಲ. ಒದರಿದ್ರೂ ಯಾರೂ ಯಾಕಂತ ಕೇಳೂದುಲ್ಲ." ನಮ್ಮಿಬ್ಬರ ನಡುವಿನ ಅಂಜಿಕೆ ಅಂದಿನಿಂದ ಕಡಿಮೆಯಾಯಿತು.

ಆ ಪಾರ್ಕಿನಲ್ಲಿ ಹೊಸದೊಂದು ಭಾಗ ಕಟ್ಟುತ್ತಿದ್ದಾರೆಂಬ ಸುದ್ದಿ ಬಂದಾಗ ಗುಂಪಿನಲ್ಲಿ ಹಬ್ಬ. ಯಾರೋ ತಗಡಿನ ಬೇಲಿಯ ಸಂದಿಯಿಂದ ಫೋಟೊ ತೆಗೆದು ಹಾಕಿದರು. ಕೆಂಪು ಮಣ್ಣು, ಕ್ರೇನು, ಸಾಲಾಗಿ ನಿಂತ ಕಂಬಗಳು, ಒಂದು ಉದ್ದನೆಯ ಅಗೆತ. ಅತ್ತೆ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದರು. "ಇದು ನೀರಿನ ರೈಡು. ಸಿಂಗಟಾಲೂರಿನ ಕಾಲುವಿ ಅಗಿಯೂದನ್ನ ನಾ ಕಣ್ಣಾರೆ ನೋಡೇನಿ. ಇದೂ ಕಾಲುವೀನ" ಎಂದು ಹೇಳಿ ಕಳಿಸಿದರು. ಬಳೆ ಅಂಗಡಿಯವರು ಒಪ್ಪಲಿಲ್ಲ. "ಅಮ್ಮಾರ, ಅದು ಕರೆಂಟಿನ ವಾಯರ್ ಹಾಕೂ ತಗ್ಗ್ರಿ. ಕಂಬ ಆ ಪರಿ ಎತ್ತರ ಅದಾವು, ನೀರೆಲ್ಲಿ ನಿಲ್ಲತೈತ್ರಿ?" ವಾದ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಹಳಿ ಕೂಡಿಸಿದ ಫೋಟೊ ಬಂತು. ಗಣಿಯ ಗುಹೆಯಂತೆ ಕಟ್ಟಿದ ಗುಡ್ಡದೊಳಗಿಂದ ನೇರ ಕೆಳಕ್ಕೆ ಧುಮುಕುವ ಕೋಸ್ಟರ್ ಅದು. ಅತ್ತೆ ಸೋತಿದ್ದರು. "ನೀವ ಗೆದ್ರಿ. ಆದ್ರ ನಾ ಅಂದದ್ದಕ್ಕಿಂತ ಇದ ಚೊಲೊ ಐತಿ" ಎಂದು ಕಳಿಸಿದರು.

ಅದು ತೆರೆಯುವ ಮೊದಲೇ ಅವರಿಗೆ ಎದೆನೋವು ಬಂತು. ಹುಬ್ಬಳ್ಳಿಗೆ ಒಯ್ದೆವು, ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವ ದಿನ ಡಾಕ್ಟರರನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ.

"ಸಾಹೇಬ್ರ, ಇನ್ನ ರೈಡ್ ಹತ್ತಬಹುದೇನ್ರಿ?"

"ಗಾಡಿ ಮ್ಯಾಲೇನ್ರಿ? ಕಾರಿನ್ಯಾಗ ಆರಾಮ ಹೋಗಬಹುದು."

"ಅದಲ್ರಿ. ಮ್ಯಾಲಿಂದ ಬೀಳೂದು."

ನಾನು ಬಿಡಿಸಿ ಹೇಳಿದೆ. ಡಾಕ್ಟರರು ನಗಲಿಲ್ಲ. "ಅದು ಮುಗೀತ್ರಿ ಅಮ್ಮಾ. ಇನ್ನ ಯಾವತ್ತೂ ಬ್ಯಾಡ."

"ಆತ ಬಿಡ್ರಿ" ಎಂದರು ಅತ್ತೆ. ದಾರಿಯುದ್ದಕ್ಕೂ ಕಾರಿನ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಆಮೇಲೆ ಆ ವಿಷಯ ತೆಗೆಯಲೇ ಇಲ್ಲ. ಯಜಮಾನರಿಗೆ ನಿರಾಳವಾಯಿತು, ನನಗೆ ಆಗಲಿಲ್ಲ.

ಹೊಸ ಭಾಗ ತೆರೆದಾಗ ಗುಂಪಿನವರು ಹೊರಟು ನಿಂತರು. ಅತ್ತೆ ತಾವೂ ಬರುವುದಾಗಿ ಹೇಳಿದರು, ಹತ್ತಲಿಕ್ಕಲ್ಲ, ಕೂತು ನೋಡಲಿಕ್ಕೆ. ಯಜಮಾನರು ಕೂಗಾಡಿದರು. ಆ ಮನೆಯಲ್ಲಿ ನಾನು ಮೊದಲ ಸಲ ಎದುರು ಮಾತಾಡಿದ್ದು ಅಂದು. "ನಾ ಕರ್ಕೊಂಡು ಹೋಗ್ತೀನ್ರಿ. ಹತ್ತಾಕ ಬಿಡೂದುಲ್ಲ. ಆದ್ರ ಹೋಗೂದು ಹೋಗೂದ" ಎಂದೆ. ಬಳೆ ಅಂಗಡಿಯವರು ಕಾರು ತಂದರು, ಮುಂಡರಗಿಯ ಹುಡುಗಿಯೂ ಬಂದಳು.

ಕೋಸ್ಟರಿನ ಎದುರಿನ ಬೆಂಚಿನ ಮೇಲೆ ಅತ್ತೆ ಕೂತರು. ಗಾಡಿ ಗುಹೆಯಿಂದ ಬಿದ್ದಾಗಲೆಲ್ಲ ಅವರ ಕೈ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದರು.

"ನೀ ಹೋಗಿ ಬಾ."

"ನಾನೇನ್ರಿ? ನನಗ ಆಗೂದುಲ್ರಿ ಅತ್ತಿ."

"ಇವರೆಲ್ಲಾ ಬಂದು ಚೊಲೊ ಇತ್ತು ಅಂತ ಹೇಳ್ತಾರ. ನೀ ಹಂಗ ಹೇಳಬ್ಯಾಡ. ಎಲ್ಲಿ ಹೊಟ್ಟಿ ತೇಲಿತು, ಎಲ್ಲಿ ಉಸಿರ ನಿಂತಿತು, ಅದನ್ನ ಹೇಳು."

ಹೋದೆ. ಇಳಿದು ಬಂದು, "ಚೊಲೊ ಇತ್ರಿ ಅತ್ತಿ" ಎಂದೆ. ಅತ್ತೆ ನನ್ನನ್ನೇ ನೋಡಿ, "ಕಣ್ಣ ಮುಚ್ಚಿದ್ದಿ" ಎಂದರು. ಬೈಗುಳವಿರಲಿಲ್ಲ, ನಿರಾಸೆಯಿತ್ತು. ನಾನು ಮತ್ತೆ ಹೋಗಿ ಸಾಲಿನಲ್ಲಿ ನಿಂತೆ.

ಎರಡನೆಯ ಸಲ ಕಣ್ಣು ಬಿಟ್ಟಿದ್ದೆ. ಗುಹೆಯ ಬಾಯಿಯಲ್ಲಿ ಗಾಡಿ ಒಂದು ಕ್ಷಣ ತಡೆದು ನಿಲ್ಲುತ್ತದೆ. ಕೆಳಗೆ ಇಡೀ ಪಾರ್ಕು, ಅದರಾಚೆ ಬಯಲು, ಬೆಂಚಿನ ಮೇಲೆ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿರುವ ನಮ್ಮ ಅತ್ತೆ. ಆಮೇಲೆ ಬಿದ್ದೆವು. ಇಳಿದು ಬಂದು ಅವರ ಪಕ್ಕ ಕೂತು ಒಂದನ್ನೂ ಬಿಡದೆ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

ಅದೇ ಚಳಿಗಾಲದಲ್ಲಿ, ಒಂದು ಮಧ್ಯಾಹ್ನ, ಊಟ ಮಾಡಿ ಅಡ್ಡಾದವರು ಏಳಲಿಲ್ಲ.

ಮಣ್ಣಾದ ಕೆಲವು ದಿನಗಳ ಮೇಲೆ ಬಳೆ ಅಂಗಡಿಯವರೂ ಮುಂಡರಗಿಯ ಹುಡುಗಿಯೂ ಮನೆಗೆ ಮಾತಾಡಿಸಲು ಬಂದರು. ಪಡಸಾಲೆಯಲ್ಲಿ ಕೂತು ಚಹಾ ಕುಡಿದರು. ಕೊನೆಗೆ ಯಜಮಾನರೇ ಕೇಳಿದರು.

"ಅವ್ವ ಅಲ್ಲಿ ಒದರತಿದ್ಲೇನ್ರಿ?"

"ಒದರೂದೇನ್ರಿ ಸರ್, ಮುಂದಿನ ಸಾಲಿನ ಮಂದಿ ಹೊಳ್ಳಿ ನೋಡತಿದ್ರು" ಎಂದರು ಬಳೆ ಅಂಗಡಿಯವರು. "ಬೀಳೂ ಮುಂದ ಒದರತಿದ್ರು, ಬಿದ್ದಮ್ಯಾಲೆ ನಗತಿದ್ರು. ಗಾಡಿ ನಿಂತರೂ ನಗಿ ನಿಲ್ಲತಿರಲಿಲ್ರಿ. ಕಣ್ಣಾಗ ನೀರು ಬರೂಮಟಾ ನಗೂದು."

"ನಮ್ಮವ್ವ?"

"ಹೌದ್ರಿ, ನಿಮ್ಮವ್ವ."

ಯಜಮಾನರು ಎದ್ದು ಹಿತ್ತಲಿಗೆ ಹೋದರು. ಬಚ್ಚಲಲ್ಲಿ ನೀರು ಸುರಿಯುವ ಸಪ್ಪಳ ಕೇಳಿತು. ಮುಖ ಒರೆಸಿಕೊಳ್ಳುತ್ತ ಬಂದು, ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಹೇಳ್ರಿ. ಇನ್ನೂ ಹೇಳ್ರಿ" ಎಂದರು.